ಓದುಗರ ಪ್ರಶ್ನೆಗಳಿಗೆ ಉತ್ತರ: ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಏನಿರಬೇಕು, ಏನನ್ನು ಬಿಡಬೇಕು?

ಎಂಜಿನಿಯರಿಂಗ್ ಕಾಲೇಜುಗಳ ಪಠ್ಯಕ್ರಮವನ್ನು ಕುರಿತು ಬಂದ ಪತ್ರಗಳಲ್ಲಿ ಆರನ್ನು ಆರಿಸಿ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ಹೆಚ್ಚು ವಿವರವಿದ್ದ ಪತ್ರವನ್ನು ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಕಾಲೇಜಿಗೆ ಈಚೆಗೆ ಸ್ವಾಯತ್ತ ಸ್ಥಾನಮಾನ ದೊರೆತಿದ್ದು, ಕಂಪ್ಯೂಟರ್ ಸೈನ್ಸ್ ವಿಭಾಗದ ಪಠ್ಯಕ್ರಮದ ಕರಡನ್ನು ಸಿದ್ಧಪಡಿಸುವ ಹೊಣೆ ನನಗೆ ಬಂದಿದೆ. ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಕ್ಲೌಡ್ ಎಲ್ಲವೂ ಇರಲೇಬೇಕೆಂದು ಆಡಳಿತ ಮಂಡಳಿಯವರು ಹೇಳುತ್ತಾರೆ. ಹಿರಿಯ ಸಹೋದ್ಯೋಗಿಗಳು ತಾವು ಕಲಿಸುತ್ತಿರುವ ಯಾವ ವಿಷಯವನ್ನೂ ಬಿಡಲು ಒಪ್ಪುವುದಿಲ್ಲ. ಎಲ್ಲಿಂದ ಆರಂಭಿಸಬೇಕು?
— ಸಹಾಯಕ ಪ್ರಾಧ್ಯಾಪಕಿ, ಹಾಸನ

ಉತ್ತರ: ವಿಷಯಗಳ ಪಟ್ಟಿಯನ್ನು ಸದ್ಯಕ್ಕೆ ಬದಿಗಿಟ್ಟು ಗಂಟೆಗಳ ಲೆಕ್ಕದಿಂದ ಆರಂಭಿಸಿ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಅಂದರೆ ಎಐಸಿಟಿಇ, 2018ರಲ್ಲಿ ಹೊರತಂದ ಮಾದರಿ ಪಠ್ಯಕ್ರಮವು ನಾಲ್ಕು ವರ್ಷದ ಪದವಿಗೆ 160 ಕ್ರೆಡಿಟ್‌ಗಳನ್ನು ಸೂಚಿಸಿತು; 2018ರ ಸ್ಕೀಮ್‌ನಲ್ಲಿ, ಅಂದರೆ ಆ ವರ್ಷ ಜಾರಿಗೆ ಬಂದ ಪಠ್ಯಕ್ರಮದಲ್ಲಿ, 175 ಕ್ರೆಡಿಟ್ ಇಟ್ಟುಕೊಂಡಿದ್ದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ (ವಿಟಿಯು) 2021ರ ಸ್ಕೀಮ್‌ನಿಂದ 160ಕ್ಕೆ ಇಳಿಯಿತು. ಎಂಟು ಸೆಮಿಸ್ಟರ್‌ಗಳಿಗೆ ಹಂಚಿದರೆ ಸರಾಸರಿ 20 ಕ್ರೆಡಿಟ್ ಬರುತ್ತದೆ. ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್, ಎರಡು ಗಂಟೆಯ ಲ್ಯಾಬ್‌ಗೆ ಒಂದು ಕ್ರೆಡಿಟ್ ಎಂಬ ರೂಢಿಯ ಲೆಕ್ಕದಲ್ಲಿ, ಮೂರು ಗಂಟೆ ಪಾಠ ಮತ್ತು ಎರಡು ಗಂಟೆ ಲ್ಯಾಬ್ ಇರುವ ನಾಲ್ಕು ವಿಷಯಗಳನ್ನೂ, ಪಾಠ ಮಾತ್ರ ಇರುವ ಮೂರು ಕ್ರೆಡಿಟ್‌ನ ಒಂದು ವಿಷಯವನ್ನೂ, ಒಂದು ಪ್ರತ್ಯೇಕ ಲ್ಯಾಬನ್ನೂ ಇಟ್ಟರೆ 20 ಕ್ರೆಡಿಟ್ ತುಂಬಿ, ವಿದ್ಯಾರ್ಥಿಗೆ ವಾರಕ್ಕೆ 25 ಗಂಟೆ ಭರ್ತಿಯಾಗುತ್ತದೆ. ನಿಮ್ಮ ವೇಳಾಪಟ್ಟಿಯಲ್ಲಿ ಶನಿವಾರದ ಅರ್ಧ ದಿನವೂ ಸೇರಿ 33 ಗಂಟೆಗಳಿವೆ ಎಂದುಕೊಳ್ಳೋಣ. ಖಾಲಿ ಸೈಟು ಕಂಡೊಡನೆ ಅಕ್ಕಪಕ್ಕದವರು ತಮ್ಮ ಮರಳು, ಜಲ್ಲಿ ತಂದು ಸುರಿಯುವಂತೆ, ಉಳಿದ ಆ ಎಂಟು ಗಂಟೆಗಳ ಮೇಲೆ ಆಪ್ಟಿಟ್ಯೂಡ್ ತರಬೇತಿ, ಪ್ಲೇಸ್‌ಮೆಂಟ್ ತರಬೇತಿ, ಸರ್ಟಿಫಿಕೇಟ್ ಕೋರ್ಸ್‌ಗಳೆಲ್ಲ ಬಂದು ಬೀಳುತ್ತವೆ. ಕರಡಿನ ಮೊದಲ ಪುಟದಲ್ಲೇ ಆ ಗಂಟೆಗಳು ಗ್ರಂಥಾಲಯಕ್ಕೆ ಮತ್ತು ಅರ್ಧಕ್ಕೆ ನಿಂತ ಲ್ಯಾಬ್ ಕೆಲಸಕ್ಕೆ ಮೀಸಲೆಂದು ಬರೆಯಿರಿ. ಬರೆಯದಿದ್ದರೆ ಅವು ಉಳಿಯುವುದಿಲ್ಲ.

ಇನ್ನು 160ರ ಒಳಗಿನ ಹಂಚಿಕೆ. ಎಐಸಿಟಿಇ ಮಾದರಿಯ ಸಾಮಾನ್ಯ ಸೂಚಿಯಲ್ಲಿ ಗಣಿತ ಮತ್ತು ಮೂಲವಿಜ್ಞಾನಗಳಿಗೆ 25, ಸಾಮಾನ್ಯ ಎಂಜಿನಿಯರಿಂಗ್ ವಿಷಯಗಳಿಗೆ 24, ಮಾನವಿಕ ಹಾಗೂ ನಿರ್ವಹಣಾ ವಿಷಯಗಳಿಗೆ 12, ಆಯಾ ವಿಭಾಗದ ಕೋರ್ ವಿಷಯಗಳಿಗೆ 48, ವಿಭಾಗದೊಳಗೆ ವಿದ್ಯಾರ್ಥಿ ಆರಿಸಿಕೊಳ್ಳುವ ಇಲೆಕ್ಟಿವ್‌ಗಳಿಗೆ 18, ಬೇರೆ ವಿಭಾಗಗಳಿಂದಲೂ ಆರಿಸಬಹುದಾದ ಓಪನ್ ಇಲೆಕ್ಟಿವ್‌ಗಳಿಗೆ 18, ಪ್ರೊಜೆಕ್ಟ್, ಸೆಮಿನಾರ್, ಇಂಟರ್ನ್‌ಶಿಪ್‌ಗಳಿಗೆ 15 ಕ್ರೆಡಿಟ್‌ಗಳಿವೆ. ವಿಭಾಗದಿಂದ ವಿಭಾಗಕ್ಕೆ ಇದು ಸ್ವಲ್ಪ ಆಚೀಚೆ ಆಗುತ್ತದೆ. 48 ಕ್ರೆಡಿಟ್ ಎಂದರೆ ನಾಲ್ಕು ಕ್ರೆಡಿಟ್‌ನ ಹನ್ನೆರಡು ವಿಷಯಗಳು ಮಾತ್ರ. ಡೇಟಾ ಸ್ಟ್ರಕ್ಚರ್ಸ್, ಅಲ್ಗಾರಿದಮ್, ಡಿಸ್ಕ್ರೀಟ್ ಗಣಿತ, ಕಂಪ್ಯೂಟರ್ ಆರ್ಗನೈಸೇಶನ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್, ಆಟೊಮ್ಯಾಟಾ ಸಿದ್ಧಾಂತ, ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂದು ಎಣಿಸುವಷ್ಟರಲ್ಲಿ ಒಂಬತ್ತು ಮುಗಿದವು. ನಿಮ್ಮ ಆಡಳಿತ ಮಂಡಳಿಯ ನಾಲ್ಕು ಹೆಸರುಗಳು ಉಳಿದ ಮೂರು ಜಾಗಗಳಿಗೆ ಪೈಪೋಟಿ ನಡೆಸಬೇಕು, ಇಲ್ಲವೇ ಇಲೆಕ್ಟಿವ್‌ಗಳಿಗೆ ಹೋಗಬೇಕು. ಈ ಲೆಕ್ಕವನ್ನು ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದರೆ ಅರ್ಧ ವಾದ ತಾನಾಗಿ ತಣ್ಣಗಾಗುತ್ತದೆ.

ಮುಂದಿನ ಹೆಜ್ಜೆಯಾಗಿ, ಒಂದು ದೊಡ್ಡ ಹಾಳೆಯ ಮೇಲೆ ಎಲ್ಲ ವಿಷಯಗಳನ್ನೂ ಬರೆದು, ಯಾವುದಕ್ಕೆ ಯಾವುದು ಮೊದಲು ಬೇಕೆಂದು ಬಾಣದ ಗುರುತು ಹಾಕಿ. ಮೆಷಿನ್ ಲರ್ನಿಂಗ್‌ಗೆ ಸಂಭವನೀಯತೆ ಮತ್ತು ಲೀನಿಯರ್ ಆಲ್ಜಿಬ್ರಾ ಬೇಕು. ಮೆಷಿನ್ ಲರ್ನಿಂಗನ್ನು ಆಕರ್ಷಣೆಗಾಗಿ ಮೂರನೆಯ ಸೆಮಿಸ್ಟರ್‌ಗೆ ತಂದು, ಸಂಭವನೀಯತೆಯನ್ನು ನಾಲ್ಕನೆಯದಕ್ಕೆ ಬಿಟ್ಟ ಕರಡುಗಳನ್ನು ನಾನು ನೋಡಿದ್ದೇನೆ. ಇದರ ಫಲ ಲ್ಯಾಬ್‌ನಲ್ಲಿ ಕಾಣುತ್ತದೆ: ವಿದ್ಯಾರ್ಥಿಯು ಬ್ಯಾಂಕ್ ವ್ಯವಹಾರಗಳಲ್ಲಿ ಮೋಸವನ್ನು ಪತ್ತೆ ಮಾಡುವ ಪ್ರೋಗ್ರಾಂ ಬರೆದು, ಶೇ. 97 ಸರಿ ಉತ್ತರ ಬಂದಿದೆ ಎಂದು ಹೆಮ್ಮೆಯಿಂದ ತೋರಿಸುತ್ತಾನೆ. ಅವನಿಗೆ ಕೊಟ್ಟ ದತ್ತಾಂಶದಲ್ಲಿ ನೂರಕ್ಕೆ 97 ವ್ಯವಹಾರಗಳು ಸಾಚಾ ಆಗಿದ್ದವು. ಪ್ರೋಗ್ರಾಂ ಒಂದೇ ಒಂದು ಮೋಸವನ್ನೂ ಹಿಡಿಯದೆ ಎಲ್ಲವನ್ನೂ ಸಾಚಾ ಎಂದು ಹೇಳಿದರೂ ಅಷ್ಟೇ ಅಂಕಿ ಬರುತ್ತದೆಂಬುದು ಸಂಭವನೀಯತೆಯನ್ನು ಕಲಿತವನಿಗೆ ಹೊಳೆಯುತ್ತದೆ, ಲೈಬ್ರರಿಯ ಫಂಕ್ಷನ್‌ಗಳನ್ನು ಮಾತ್ರ ಕಲಿತವನಿಗೆ ಹೊಳೆಯುವುದಿಲ್ಲ.

ಮೂರನೆಯದಾಗಿ, ಸಿಲಬಸ್ ಬರೆಯುವ ಮೊದಲೇ ಪ್ರಶ್ನೆಪತ್ರಿಕೆಯನ್ನು ಬರೆಯಿರಿ. ವಿಟಿಯು ಪದ್ಧತಿಯಲ್ಲಿ ಪ್ರತಿ ವಿಷಯಕ್ಕೆ ಐದು ಮಾಡ್ಯೂಲ್, ಪ್ರತಿ ಮಾಡ್ಯೂಲ್‌ನಿಂದ ಎರಡು ಪ್ರಶ್ನೆ, ಅವುಗಳಲ್ಲಿ ಒಂದಕ್ಕೆ ಉತ್ತರ. ಇನ್ನೂರಕ್ಕೂ ಹೆಚ್ಚು ಕಾಲೇಜುಗಳ ಉತ್ತರಪತ್ರಿಕೆಗಳನ್ನು ಒಂದೇ ಅಳತೆಯಲ್ಲಿ ತೂಗಬೇಕಾದ ವಿಶ್ವವಿದ್ಯಾಲಯಕ್ಕೆ ಅದು ಅನಿವಾರ್ಯ ಏರ್ಪಾಡು. ಆದರೆ ಅದರಿಂದಾಗಿ ಹನ್ನೆರಡು ಗಂಟೆ ಬೇಡುವ ಪಾಠವೂ ನಾಲ್ಕೇ ಗಂಟೆ ಸಾಕಾಗುವ ಪಾಠವೂ ಎಂಟೆಂಟು ಗಂಟೆಯ ಸಮಪಾಲಿಗೆ ಒಗ್ಗಿಕೊಳ್ಳಬೇಕಾಗುತ್ತದೆ. ಸ್ವಾಯತ್ತತೆ ಪಡೆದ ಕಾಲೇಜಿಗೆ ಈ ಕಟ್ಟಿಲ್ಲ. ಹಾಗಿದ್ದೂ ಹೊಸದಾಗಿ ಸ್ವಾಯತ್ತವಾದ ಬಹಳಷ್ಟು ಕಾಲೇಜುಗಳು ಐದು ಮಾಡ್ಯೂಲ್‌ಗಳನ್ನು ಹಾಗೆಯೇ ನಕಲು ಮಾಡಿ, ವಿಷಯದ ಕೋಡ್ ಮಾತ್ರ ಬದಲಿಸಿ, ಸುಮ್ಮನಾಗುತ್ತವೆ. ಆಪರೇಟಿಂಗ್ ಸಿಸ್ಟಮ್ ವಿಷಯವನ್ನೇ ನೋಡಿ: ಪ್ರೋಗ್ರಾಂಗಳು ಒಂದಕ್ಕೊಂದು ಕಾಯುತ್ತ ನಿಂತುಬಿಡುವ ಡೆಡ್‌ಲಾಕ್ ಕುರಿತ ಬ್ಯಾಂಕರ್ಸ್ ಅಲ್ಗಾರಿದಮ್‌ನ ಲೆಕ್ಕ ಮತ್ತೆ ಮತ್ತೆ ಬರುತ್ತದೆ, ಅದನ್ನು ಬಿಡಿಸಿದವರಿಗೆ ಅಂಕವೂ ಸಿಗುತ್ತದೆ. ನಿಧಾನವಾಗಿ ಓಡುತ್ತಿರುವ ಒಂದು ಲಿನಕ್ಸ್ ಯಂತ್ರವನ್ನು ಮುಂದಿಟ್ಟು, ಯಾವ ಪ್ರೋಸೆಸ್ ಮೆಮೊರಿಯನ್ನು ತಿನ್ನುತ್ತಿದೆ, ಏಕೆ ತಿನ್ನುತ್ತಿದೆ ಎಂದು ಅರ್ಧ ಗಂಟೆಯಲ್ಲಿ ಕಂಡುಹಿಡಿಯಲು ಹೇಳುವ ಪರೀಕ್ಷೆಯನ್ನು ನೀವು ಇಡಬಹುದು. ಅಂಥ ಪರೀಕ್ಷೆ ಇದೆಯೆಂದು ಗೊತ್ತಾದ ವರ್ಷವೇ ಪಾಠದ ರೀತಿಯೂ ಬದಲಾಗುತ್ತದೆ.

ಪಠ್ಯಕ್ರಮವನ್ನು ಪರಿಶೀಲಿಸಿ ಒಪ್ಪುವ ಸಮಿತಿಯಾದ ಬೋರ್ಡ್ ಆಫ್ ಸ್ಟಡೀಸ್ ಕುರಿತು ಒಂದು ಮಾತು. ಅದರಲ್ಲಿ ಹೊರಗಿನ ವಿಷಯತಜ್ಞರು, ಉದ್ಯಮದ ಪ್ರತಿನಿಧಿ, ಹಳೆಯ ವಿದ್ಯಾರ್ಥಿ ಇರಬೇಕೆಂಬ ನಿಯಮವಿದೆ. ಆದರೆ ಕಾಗದಪತ್ರ ಅವರ ಕೈ ಸೇರುವುದು ಸಭೆಯ ದಿನ ಬೆಳಗಿನ ಕಾಫಿಯ ಜೊತೆಗೆ, ಊಟದ ಹೊತ್ತಿಗೆ ಸಹಿ ಆಗಿರುತ್ತದೆ. ಎರಡು ವಾರ ಮುಂಚೆಯೇ ಕಳುಹಿಸಿ. ಉದ್ಯಮದ ಪ್ರತಿನಿಧಿಯನ್ನು ‘ಏನು ಸೇರಿಸಬೇಕು’ ಎಂದು ಕೇಳಿದರೆ ತಮ್ಮ ಕಂಪನಿ ಆ ವರ್ಷ ಬಳಸುತ್ತಿರುವ ಸಾಫ್ಟ್‌ವೇರ್‌ನ ಹೆಸರನ್ನೇ ಹೇಳುತ್ತಾರೆ. ಅದರ ಬದಲು ನಿಮ್ಮ ಪ್ರಶ್ನೆಪತ್ರಿಕೆಯನ್ನು ಕೈಗಿತ್ತು, ಇದಕ್ಕೆ ಉತ್ತರಿಸಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುವಿರಾ ಎಂದು ಕೇಳಿ ನೋಡಿ.

ಪ್ರಶ್ನೆ: ಪಠ್ಯಕ್ರಮ ರೂಪಿಸುವ ಕೆಲಸಕ್ಕಿಂತ ಕೋರ್ಸ್ ಔಟ್‌ಕಮ್, ಪ್ರೋಗ್ರಾಂ ಔಟ್‌ಕಮ್‌ಗಳ ಕೋಷ್ಟಕ ತುಂಬುವುದರಲ್ಲೇ ನಮ್ಮ ಸಮಯ ಕಳೆಯುತ್ತಿದೆ. ಈ 3, 2, 1 ಅಂಕಿಗಳಿಂದ ವಿದ್ಯಾರ್ಥಿಗೆ ಏನಾದರೂ ಪ್ರಯೋಜನವಿದೆಯೇ?
— ಸಿವಿಲ್ ವಿಭಾಗದ ಅಧ್ಯಾಪಕರು, ತುಮಕೂರು

ಉತ್ತರ: ಒಂದು ವಿಷಯದಿಂದ ಕಲಿಯಬೇಕಾದದ್ದು (ಕೋರ್ಸ್ ಔಟ್‌ಕಮ್) ಇಡೀ ಪದವಿಯಿಂದ ಬರಬೇಕಾದ ಸಾಮರ್ಥ್ಯಗಳಿಗೆ (ಪ್ರೋಗ್ರಾಂ ಔಟ್‌ಕಮ್) ಎಷ್ಟು ನೆರವಾಗುತ್ತದೆಂದು 3 (ಹೆಚ್ಚು), 2, 1 (ಕಡಿಮೆ) ಎಂದು ಗುರುತಿಸುವ ಈ ಕೋಷ್ಟಕದ ಹಿಂದಿನ ವಿಚಾರ ಒಳ್ಳೆಯದು. ಭಾರತವು 2014ರ ಜೂನ್‌ನಲ್ಲಿ, ಎಂಜಿನಿಯರಿಂಗ್ ಪದವಿಗಳ ಪರಸ್ಪರ ಮನ್ನಣೆಗಾಗಿ ಇರುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆಯಿತು. ರಾಷ್ಟ್ರೀಯ ಮಾನ್ಯತಾ ಮಂಡಳಿಯಾದ ಎನ್‌ಬಿಎಯಿಂದ, ಸ್ವಾಯತ್ತ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಿಗಿರುವ ಟಿಯರ್-1 ಪದ್ಧತಿಯಲ್ಲಿ ಮಾನ್ಯತೆ ಪಡೆದ ಪದವಿಗಳಿಗೆ ಇತರ ಸದಸ್ಯ ದೇಶಗಳಲ್ಲಿ ಸಮಾನ ಮನ್ನಣೆ ಸಿಗಬೇಕಾದರೆ, ಏನನ್ನು ಬೋಧಿಸಿದೆವು ಎಂಬುದರ ಜೊತೆಗೆ ವಿದ್ಯಾರ್ಥಿ ಏನನ್ನು ಮಾಡಬಲ್ಲ ಎಂಬುದಕ್ಕೂ ಪುರಾವೆ ಕೊಡಬೇಕಾಯಿತು. ಈ ಬೇಡಿಕೆ ನ್ಯಾಯವಾದದ್ದೇ ಆಗಿದೆ. ನಮ್ಮಲ್ಲಿ ಅದು ತಲೆಕೆಳಗಾಗಿ ಜಾರಿಯಾಗಿದೆ: ಸಿಲಬಸ್, ಪರೀಕ್ಷೆ, ಫಲಿತಾಂಶ ಎಲ್ಲ ಮುಗಿದ ಮೇಲೆ, ಮಾನ್ಯತಾ ತಂಡ ಬರುವ ಮುಂಚಿನ ರಾತ್ರಿಗಳಲ್ಲಿ ಕೋಷ್ಟಕ ಭರ್ತಿಯಾಗುತ್ತದೆ.

ನಿಮ್ಮ ವಿಭಾಗದ್ದೇ ಉದಾಹರಣೆ ತೆಗೆದುಕೊಳ್ಳಿ. ಬಹುಕಾಲ ಬಳಕೆಯಲ್ಲಿದ್ದ 12 ಔಟ್‌ಕಮ್‌ಗಳ ಪಟ್ಟಿಯಲ್ಲಿ ಏಳನೆಯದು ಪರಿಸರ ಮತ್ತು ಸುಸ್ಥಿರತೆ. ಕಾಂಕ್ರೀಟ್ ತಂತ್ರಜ್ಞಾನದ ವಿಷಯಕ್ಕೆ ಅದರ ಎದುರು ‘2’ ಎಂದು ಬರೆಯುವುದು ವಾಡಿಕೆ. ಆ ‘2’ನ್ನು ತೋರಿಸುವ ಒಂದು ಪ್ರಶ್ನೆ, ಒಂದು ಅಸೈನ್‌ಮೆಂಟ್ ಇದೆಯೇ ಎಂದು ಹುಡುಕಿದರೆ ಕೈಗೆ ಸಿಗುವುದು ಐಎಸ್ 10262 ಎಂಬ ಭಾರತೀಯ ಮಾನದಂಡದ ಪ್ರಕಾರ ಎಂ30 ದರ್ಜೆಯ ಕಾಂಕ್ರೀಟಿನ ಮಿಶ್ರಣದ ಪ್ರಮಾಣ ಕಂಡುಹಿಡಿಯುವ (ಮಿಕ್ಸ್ ಡಿಸೈನ್) ಲೆಕ್ಕ ಮಾತ್ರ. ಅದೇ ಲೆಕ್ಕದಲ್ಲಿ ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಹಾರುಬೂದಿಯನ್ನು ಬಳಸಲು ಹೇಳಿ, ನದಿಯ ಮರಳಿನ ಜಾಗದಲ್ಲಿ ಎಂ-ಸ್ಯಾಂಡ್ ಬಂದಾಗ ನೀರಿನ ಬೇಡಿಕೆ ಹೇಗೆ ಬದಲಾಗುತ್ತದೆಂದು ಕೇಳಿ, ಎರಡು ಮಿಶ್ರಣಗಳ ಘನಗಳನ್ನೂ 28 ದಿನಗಳ ನಂತರ ಲ್ಯಾಬ್‌ನಲ್ಲಿ ಒಡೆಸಿ, ಬಲದ ವ್ಯತ್ಯಾಸಕ್ಕೆ ಕಾರಣ ಬರೆಸಿದರೆ ಕೋಷ್ಟಕದ ಅಂಕಿಗೆ ಆಧಾರ ಬರುತ್ತದೆ. ನನ್ನ ಸಲಹೆಯಿಷ್ಟು: ಪ್ರತಿ ವಿಷಯಕ್ಕೆ ಎರಡು ಅಥವಾ ಮೂರು ಔಟ್‌ಕಮ್‌ಗಳಿಗಿಂತ ಹೆಚ್ಚನ್ನು ಜೋಡಿಸಬೇಡಿ, ಜೋಡಿಸಿದ ಪ್ರತಿಯೊಂದಕ್ಕೂ ವಿದ್ಯಾರ್ಥಿಯ ಕೈಬರಹದ ಒಂದು ಪುರಾವೆಯನ್ನು ಇಟ್ಟುಕೊಳ್ಳಿ, ಉಳಿದ ಚೌಕಗಳು ಖಾಲಿ ಇದ್ದರೆ ಇರಲಿ. ಹನ್ನೆರಡು ಚೌಕಗಳೂ ತುಂಬಿರುವ ಕೋಷ್ಟಕವನ್ನು ಕಂಡಾಗ ಅನುಭವಿ ಪರಿಶೀಲಕರಿಗೆ ಅನುಮಾನವೇ ಹೆಚ್ಚಾಗುತ್ತದೆ.

ಪ್ರಶ್ನೆ: ನನ್ನ ಮಗಳು ಸಿವಿಲ್ ಎಂಜಿನಿಯರಿಂಗ್ ಸೇರಿದ್ದಾಳೆ. ಮೊದಲ ವರ್ಷ ಪಿಯುಸಿಯ ಕೆಮಿಸ್ಟ್ರಿಯನ್ನೇ ಮತ್ತೆ ಓದಿಸುವುದೇಕೆ? ಪ್ರೋಗ್ರಾಮಿಂಗ್ ಅವಳಿಗೆ ಯಾಕೆ?
— ಒಬ್ಬ ತಾಯಿ, ಸಾಗರ

ಉತ್ತರ: ಪಿಯುಸಿಯದನ್ನೇ ಓದಿಸಿದರೆ ನಿಮ್ಮ ಆಕ್ಷೇಪ ಸರಿ. ಆದರೆ ವಿಟಿಯುವಿನ 2022ರ ಸ್ಕೀಮ್‌ನಲ್ಲಿ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನಗಳನ್ನು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಎಂಬ ಗುಂಪುಗಳಿಗೆ ಬೇರೆ ಬೇರೆಯಾಗಿ ರೂಪಿಸಲಾಗಿದೆ. ಸಿಮೆಂಟಿಗೆ ನೀರು ಬೆರೆತಾಗ ಶಾಖ ಏಕೆ ಹುಟ್ಟುತ್ತದೆ, ಕರಾವಳಿಯ ಕಟ್ಟಡಗಳಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿದು ಕಾಂಕ್ರೀಟ್ ಏಕೆ ಸಿಡಿಯುತ್ತದೆ, ಕೊಳವೆಬಾವಿಯ ನೀರಿನ ಗಡಸುತನವನ್ನು ಅಳೆಯುವುದು ಹೇಗೆ ಎಂಬುದೆಲ್ಲ ರಸಾಯನವಿಜ್ಞಾನವೇ. ಪ್ರೋಗ್ರಾಮಿಂಗ್ ಕೂಡ ಹಾಗೆಯೇ: ದೂರ ಮತ್ತು ಕೋನಗಳನ್ನು ಅಳೆಯುವ ಟೋಟಲ್ ಸ್ಟೇಷನ್ ಉಪಕರಣದಿಂದ ಬರುವ ಸಾವಿರಾರು ಬಿಂದುಗಳ ಸರ್ವೆ ಲೆಕ್ಕವನ್ನು ಈಗ ಯಾರೂ ಕೈಯಲ್ಲಿ ಮಾಡುವುದಿಲ್ಲ. ಗುಂಪುವಾರು ವಿಂಗಡಣೆಯಲ್ಲಿ ನನಗೆ ಕಾಣುವ ತೊಡಕು ಒಂದೇ: ಎರಡನೆಯ ವರ್ಷದಲ್ಲಿ ಬ್ರ್ಯಾಂಚ್ ಬದಲಿಸುವ ವಿದ್ಯಾರ್ಥಿ ತನ್ನದಲ್ಲದ ಗುಂಪಿನ ಗಣಿತವನ್ನು ಓದಿ ಬಂದಿರುತ್ತಾನೆ.

ಪ್ರಶ್ನೆ: ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಮೆಕ್ಯಾನಿಕಲ್ ಮೂರನೆಯ ಸೆಮಿಸ್ಟರ್‌ಗೆ ಸೇರಿದ್ದೇನೆ. ಗಣಿತದ ತರಗತಿಯಲ್ಲಿ ಏನೂ ಅರ್ಥವಾಗುತ್ತಿಲ್ಲ. ಪಠ್ಯಕ್ರಮವನ್ನು ಪಿಯುಸಿಯಿಂದ ಬಂದವರಿಗಾಗಿಯೇ ಮಾಡಿದಂತಿದೆ. ಇದಕ್ಕೆ ಪರಿಹಾರವಿಲ್ಲವೇ?
— ವಿದ್ಯಾರ್ಥಿ, ವಿಜಯಪುರ

ಉತ್ತರ: ನೀವು ಹೇಳಿದ್ದು ನಿಜ. ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಎರಡನೆಯ ವರ್ಷಕ್ಕೆ ಬರುವವರಿಗೆ ಮೊದಲ ಎರಡು ಸೆಮಿಸ್ಟರ್‌ಗಳ 40 ಕ್ರೆಡಿಟ್ ವಿನಾಯಿತಿ ಸಿಗುತ್ತದೆ, ಆದರೆ ಆ ಎರಡು ಸೆಮಿಸ್ಟರ್‌ಗಳಲ್ಲಿ ಕಲಿಸಿದ ಕ್ಯಾಲ್ಕ್ಯುಲಸ್ ಅವರಿಗೂ ಗೊತ್ತಿದೆ ಎಂಬ ಊಹೆಯ ಮೇಲೆ ಪಾಠ ಮುಂದುವರಿಯುತ್ತದೆ. ವಿಟಿಯುವಿನ ಹಿಂದಿನ ಸ್ಕೀಮ್‌ಗಳಲ್ಲಿ ಇದಕ್ಕಾಗಿ ಕ್ರೆಡಿಟ್ ಇಲ್ಲದ ಹೆಚ್ಚುವರಿ ಗಣಿತದ ಕೋರ್ಸ್‌ಗಳಿದ್ದವು. ಅವುಗಳ ಉದ್ದೇಶ ಒಳ್ಳೆಯದೇ ಆಗಿತ್ತು, ಆದರೆ ಮುಖ್ಯ ಗಣಿತ ನಡೆಯುವ ಸೆಮಿಸ್ಟರ್‌ನಲ್ಲಿಯೇ ಅದರ ತಳಪಾಯದ ಗಣಿತವೂ ನಡೆಯುವ ಏರ್ಪಾಡು ಅದು. ಅತಿ ಕಡಿಮೆ ತಯಾರಿ ಇರುವವರ ಮೇಲೆ ಅತಿ ಹೆಚ್ಚು ಹೊರೆ ಬೀಳುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಪಾಠ ಸೆಮಿಸ್ಟರ್ ತೆರೆಯುವ ಮುಂಚಿನ ಮೂರು ವಾರಗಳಲ್ಲಿ, ಬೆಳಗ್ಗೆ ಪೂರ್ತಿ ನಡೆಯಬೇಕು. ಮೊದಲ ವರ್ಷದವರಿಗೆ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮವನ್ನು ಎಐಸಿಟಿಇ ಸೂಚಿಸಿರುವಾಗ, ಎರಡನೆಯ ವರ್ಷಕ್ಕೆ ಬಂದು ಸೇರುವವರಿಗೂ ಅಂಥದೊಂದನ್ನು ನಡೆಸಲು ಸ್ವಾಯತ್ತ ಕಾಲೇಜುಗಳಿಗಾದರೂ ಅಡ್ಡಿ ಇರಲಾರದು.

ನೀವು ಈಗ ಮಾಡಬಹುದಾದದ್ದನ್ನೂ ಹೇಳುತ್ತೇನೆ. ಪೂರ್ತಿ ಪುಸ್ತಕವನ್ನು ಹಿಡಿಯಬೇಡಿ. ಆಂಶಿಕ ಅವಕಲನ, ಸರಳ ಅನುಕಲನ, ಮ್ಯಾಟ್ರಿಕ್ಸ್, ಎರಡನೆಯ ದರ್ಜೆಯ ಅವಕಲ ಸಮೀಕರಣ, ಇವಿಷ್ಟನ್ನು ಆ ಕ್ರಮದಲ್ಲೇ ಕಲಿಯಿರಿ. ಕೊನೆಯದನ್ನು ಕಲಿಯುವಾಗ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರನ್ನು ಎದುರಿಗಿಟ್ಟುಕೊಳ್ಳಿ. ಸವಾರನ ಮತ್ತು ಬೈಕಿನ ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದ್ದು ಸಮೀಕರಣದ ಮೊದಲ ಪದ, ಒಳಗಿನ ಎಣ್ಣೆ ಒಡ್ಡುವ ತಡೆ ಎರಡನೆಯದು, ಸ್ಪ್ರಿಂಗ್ ಹಿಂದಕ್ಕೆ ತಳ್ಳುವ ಬಲ ಮೂರನೆಯದು. ಎಣ್ಣೆ ಸೋರಿಹೋದ ಶಾಕ್ ಅಬ್ಸಾರ್ಬರ್ ಹಂಪ್ ದಾಟಿದ ಮೇಲೂ ಕುಣಿಯುತ್ತಲೇ ಇರುತ್ತದೆ. ಎರಡನೆಯ ಪದ ಸಣ್ಣದಾದಾಗ ಸಮೀಕರಣದ ಉತ್ತರವೂ ಅದನ್ನೇ ಹೇಳುತ್ತದೆ. ಡಿಪ್ಲೊಮಾದಲ್ಲಿ ವರ್ಕ್‌ಶಾಪ್ ಮತ್ತು ಡ್ರಾಯಿಂಗ್ ಮಾಡಿಬಂದ ನಿಮಗೆ ಯಂತ್ರದ ಕಡೆಯಿಂದ ಗಣಿತಕ್ಕೆ ಬರುವ ದಾರಿ ಸುಲಭ. ಲ್ಯಾಬ್‌ನ ಬ್ಯಾಚ್‌ಗಳನ್ನು ಮಾಡುವಾಗ ಡಿಪ್ಲೊಮಾದಿಂದ ಬಂದವರನ್ನು ಕೊನೆಯ ಬ್ಯಾಚಿಗೆ ಒಟ್ಟಾಗಿ ತಳ್ಳುವ ಪದ್ಧತಿ ಕೆಲವೆಡೆ ಇದೆ. ಪ್ರತಿ ಬ್ಯಾಚಿನಲ್ಲಿ ಒಬ್ಬಿಬ್ಬರು ಇರುವಂತೆ ಹಂಚಬೇಕೆಂದು ನಿಮ್ಮ ಎಚ್‌ಒಡಿಯವರನ್ನು ಕೇಳಿಕೊಳ್ಳಿ. ಲೇತ್ ಮುಂದೆ ಪಿಯುಸಿಯಿಂದ ಬಂದವರಿಗೆ ನೀವು ಕಲಿಸುತ್ತೀರಿ, ಹಾಸ್ಟೆಲ್‌ನಲ್ಲಿ ಅವರು ನಿಮಗೆ ಗಣಿತ ಹೇಳಿಕೊಡುತ್ತಾರೆ.

ಪ್ರಶ್ನೆ: ಎಂಜಿನಿಯರಿಂಗನ್ನು ಕನ್ನಡದಲ್ಲೇ ಕಲಿಸುವ ಯೋಜನೆ ಏನಾಯಿತು? ಪಠ್ಯಕ್ರಮದಲ್ಲಿ ಕನ್ನಡದ ಒಂದು ಪತ್ರಿಕೆ ಇದ್ದರೆ ಸಾಕೇ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ, 2021ರಲ್ಲಿ ಎಐಸಿಟಿಇ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅನುಮತಿ ಕೊಟ್ಟಿತು, ಆದರೆ ಕರ್ನಾಟಕದಲ್ಲಿ ಸೇರಿದವರು ತೀರಾ ಕಡಿಮೆ. ಇದಕ್ಕಾಗಿ ಮಕ್ಕಳ ಭಾಷಾಭಿಮಾನವನ್ನು ಶಂಕಿಸಬೇಕಾಗಿಲ್ಲ. ಮೂರನೆಯ ವರ್ಷದ ಆಕರಗ್ರಂಥ, ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆ, ಕಂಪನಿಯ ಸಂದರ್ಶನ ಎಲ್ಲವೂ ಇಂಗ್ಲಿಷಿನಲ್ಲೇ ಇರುವಾಗ ಮೊದಲ ವರ್ಷವನ್ನು ಮಾತ್ರ ಕನ್ನಡದಲ್ಲಿ ಓದುವ ಧೈರ್ಯವನ್ನು ಯಾವ ಪೋಷಕರೂ ಮಾಡುವುದಿಲ್ಲ. ಈಗ ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ ಎಂದು ಒಂದೊಂದು ಕ್ರೆಡಿಟ್‌ನ ವಿಷಯಗಳಿವೆ. ಎರಡೂ ಇರಲಿ. ಆದರೆ ಕನ್ನಡಕ್ಕೆ ವೃತ್ತಿಯೊಳಗೇ ಕೆಲಸವಿದೆ, ಅದನ್ನು ಪಠ್ಯಕ್ರಮ ಗಮನಿಸಿಲ್ಲ. ಗ್ರಾಮ ಪಂಚಾಯಿತಿಯ ನೀರು ಪೂರೈಕೆ ಕಾಮಗಾರಿಯ ಬಗ್ಗೆ ಗ್ರಾಮಸಭೆಯಲ್ಲಿ ವಿವರಿಸುವುದು, ಸೆಂಟ್ರಿಂಗ್ ಕೆಲಸದವರಿಗೆ ಸುರಕ್ಷತೆಯ ಸೂಚನೆ ಬರೆಯುವುದು, ಟ್ರಾನ್ಸ್‌ಫಾರ್ಮರ್ ಏಕೆ ಸುಟ್ಟಿತೆಂದು ರೈತರಿಗೆ ತಿಳಿಸುವುದು, ಇವನ್ನೆಲ್ಲ ಮಾಡುವವನು ಎಂಜಿನಿಯರೇ. ಕೊನೆಯ ವರ್ಷದ ಪ್ರೊಜೆಕ್ಟ್ ವರದಿಗೆ ಕನ್ನಡದಲ್ಲಿ ಎರಡು ಪುಟದ ಸಾರಾಂಶ ಕಡ್ಡಾಯವಾಗಲಿ, ವೈವಾದಲ್ಲಿ ವಿದ್ಯಾರ್ಥಿ ಬಯಸಿದರೆ ಕನ್ನಡದಲ್ಲಿ ಉತ್ತರಿಸಲು ಅವಕಾಶವಿರಲಿ. ಇದಕ್ಕೆ ಹೊಸ ಪುಸ್ತಕಗಳಾಗಲಿ ಹೊಸ ಅನುದಾನವಾಗಲಿ ಬೇಕಾಗಿಲ್ಲ.

ಪ್ರಶ್ನೆ: ಕಂಪನಿಗಳು ಕೇಳುವುದು ಸಿಲಬಸ್‌ನಲ್ಲಿ ಇಲ್ಲ, ಸಿಲಬಸ್‌ನಲ್ಲಿ ಇರುವುದನ್ನು ಯಾರೂ ಕೇಳುವುದಿಲ್ಲ. ಪ್ರತಿ ವರ್ಷ ಸಿಲಬಸ್ ಬದಲಿಸಬಾರದೇಕೆ?
— ಅಂತಿಮ ವರ್ಷದ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಈ ಜಗಳ ಹಳೆಯದು. 1847ರಲ್ಲಿ ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದೇ ಗಂಗಾ ಕಾಲುವೆಯ ಕೆಲಸಕ್ಕೆ ಜನ ಬೇಕಾಗಿದ್ದರಿಂದ. ಅಲ್ಲಿ ಕಲಿಕೆಗೂ ಕೆಲಸಕ್ಕೂ ನಡುವೆ ಹೆಚ್ಚು ದೂರವಿರಲಿಲ್ಲ. ಅಮೆರಿಕದ ಎಂಜಿನಿಯರಿಂಗ್ ಶಿಕ್ಷಣ ಸಂಘಕ್ಕಾಗಿ 1955ರಲ್ಲಿ ಗ್ರಿಂಟರ್ ಸಮಿತಿಯು ಕೊಟ್ಟ ವರದಿಯು ಪಠ್ಯಕ್ರಮಕ್ಕೆ ಗಣಿತ ಮತ್ತು ವಿಜ್ಞಾನಗಳ ತಳಪಾಯ ಬಲವಾಗಿರಬೇಕೆಂದಿತು. ಲೋಲಕವು ಆ ಕಡೆಗೆ ಎಷ್ಟು ವಾಲಿತೆಂದರೆ, 2000ರ ಸುಮಾರಿಗೆ ಎಂಐಟಿಯೂ ಸ್ವೀಡನ್ನಿನ ಮೂರು ವಿಶ್ವವಿದ್ಯಾಲಯಗಳೂ ಸೇರಿ, ವಿದ್ಯಾರ್ಥಿ ಏನನ್ನಾದರೂ ಕಲ್ಪಿಸಿ, ವಿನ್ಯಾಸ ಮಾಡಿ, ಕಟ್ಟಿ, ನಡೆಸಿ ನೋಡಬೇಕೆಂಬ ಸಿಡಿಐಒ ಎಂಬ ಮಾದರಿಯನ್ನು ಮುಂದಿಡಬೇಕಾಯಿತು.

ಪ್ರತಿ ವರ್ಷ ಇಡೀ ಸಿಲಬಸ್ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಅಧ್ಯಾಪಕರಿಗೆ ಒಂದು ವಿಷಯ ಕೈಹತ್ತಲು ಎರಡು ಮೂರು ಬ್ಯಾಚ್ ಬೇಕು, ಬ್ಯಾಕ್‌ಲಾಗ್ ಉಳಿಸಿಕೊಂಡವರಿಗೆ ಹಳೆಯ ಸ್ಕೀಮ್‌ನಲ್ಲೇ ಪರೀಕ್ಷೆ ನಡೆಸಬೇಕು. ನೀವು ಸೇರಿದಾಗ ಚಾಲ್ತಿಯಲ್ಲಿದ್ದ ಸಾಫ್ಟ್‌ವೇರ್ ನೀವು ಹೊರಬೀಳುವಾಗ ಇರುವುದೂ ಖಾತ್ರಿಯಿಲ್ಲ. ಕೋರ್ ವಿಷಯಗಳು ನಾಲ್ಕು ವರ್ಷಕ್ಕೊಮ್ಮೆ, ಇಲೆಕ್ಟಿವ್‌ಗಳು ವರ್ಷಕ್ಕೊಮ್ಮೆ, ಲ್ಯಾಬ್‌ನ ಸಮಸ್ಯೆಗಳು ಸೆಮಿಸ್ಟರ್‌ಗೊಮ್ಮೆ ಬದಲಾದರೆ ಸಾಕು. ಇವುಗಳಲ್ಲಿ ಕೊನೆಯದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ, ಆದರೂ ಅತ್ಯಂತ ವಿರಳವಾಗಿ ಆಗುವುದು ಅದೇ. ಸೀನಿಯರ್‌ಗಳ ರೆಕಾರ್ಡನ್ನು ನೋಡಿ ರೀಡಿಂಗ್ ಬರೆಯುವುದನ್ನು ತಡೆಯಲು ಪ್ರಯೋಗದ ಅಳತೆಗಳನ್ನು ಬದಲಿಸಿದರೂ ಸಾಕಾಗುತ್ತಿತ್ತು.

ಕಂಪನಿಗಳು ಕೇಳುವುದನ್ನು ಕಲಿಯುವ ಜಾಗ ಇಂಟರ್ನ್‌ಶಿಪ್. ವಿಟಿಯುವಿನ 2022ರ ಸ್ಕೀಮ್ ಕೊನೆಯ ವರ್ಷದಲ್ಲಿ ಅದಕ್ಕೆ ದೊಡ್ಡ ಪಾಲನ್ನೇ ಕೊಟ್ಟಿದೆ. ಆದರೆ ಬೆಂಗಳೂರಿನಿಂದ ದೂರದ ಕಾಲೇಜುಗಳ ಮಕ್ಕಳು ಹಣ ಕೊಟ್ಟು ಆನ್‌ಲೈನ್ ಸರ್ಟಿಫಿಕೇಟ್ ತರುವ ವ್ಯಾಪಾರವೂ ಅದರ ಜೊತೆಗೇ ಬೆಳೆದಿದೆ. ನಿಮ್ಮ ಜಿಲ್ಲೆಯಲ್ಲೇ ತೊಗರಿಬೇಳೆ ಮಿಲ್ಲುಗಳಿವೆ, ಸುತ್ತಮುತ್ತ ಸಿಮೆಂಟ್ ಕಾರ್ಖಾನೆಗಳಿವೆ, ವಿದ್ಯುತ್ ಉಪಕೇಂದ್ರಗಳಿವೆ. ಬೇಳೆ ಮಿಲ್ಲೊಂದರ ಮೋಟಾರುಗಳು ಪೂರ್ಣ ಭಾರದಲ್ಲಿ ಎಷ್ಟು ಹೊತ್ತು, ಖಾಲಿಯಾಗಿ ಎಷ್ಟು ಹೊತ್ತು ಓಡುತ್ತವೆಂದು ಅಳೆದು, ಪವರ್ ಫ್ಯಾಕ್ಟರ್ (ಪಡೆದ ವಿದ್ಯುತ್ತಿನಲ್ಲಿ ನಿಜವಾದ ಕೆಲಸಕ್ಕೆ ಒದಗುವ ಪಾಲು) ಸರಿಪಡಿಸಿದರೆ ಕರೆಂಟ್ ಬಿಲ್ಲಿನಲ್ಲಿ ಎಷ್ಟು ಉಳಿಯುತ್ತದೆಂದು ಮಾಲೀಕರಿಗೆ ಬರೆದುಕೊಡುವುದು ಒಂದು ಪೂರ್ತಿ ಇಂಟರ್ನ್‌ಶಿಪ್ ಆಗಬಲ್ಲದು. ನಿಮ್ಮ ವಿಭಾಗ ಯಾವುದೆಂದು ಪತ್ರದಲ್ಲಿ ಬರೆದಿಲ್ಲ. ಕಂಪ್ಯೂಟರ್ ಸೈನ್ಸ್ ಆಗಿದ್ದರೆ ಆ ಅಳತೆಗಳನ್ನು ದಾಖಲಿಸುವ ಪ್ರೋಗ್ರಾಂ ಬರೆಯಿರಿ, ಎಲೆಕ್ಟ್ರಿಕಲ್ ಆಗಿದ್ದರೆ ಕೆಪಾಸಿಟರ್ ಬ್ಯಾಂಕಿನ ಲೆಕ್ಕ ಹಾಕಿ. ಮಿಲ್ಲಿನ ಮಾಲೀಕರನ್ನು ನೋಡಲು ಹೋಗುವಾಗ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಎಚ್‌ಒಡಿಯವರ ಸಹಿಯಿರುವ ಒಂದು ಕೋರಿಕೆ ಪತ್ರವನ್ನು ತೆಗೆದುಕೊಂಡು ಹೋಗಿ. ಆರನೆಯ ಸೆಮಿಸ್ಟರ್ ಮುಗಿಯುವ ಮೊದಲೇ ಹೋಗುವಂತೆ ನಿಮ್ಮ ಜೂನಿಯರ್‌ಗಳಿಗೂ ಹೇಳಿ.